ಉರ್ಫ್

ಹೊಲದ ಉತಾರಿ, ಖರೀದಿಪತ್ರ, ಕೋರ್ಟಿನ ಸಮನ್ಸು, ಮತದಾರರ ಯಾದಿ, ಹೀಗೆ ನಮ್ಮ ಗಡಿಭಾಗದ ಯಾವ ಹಳೆಯ ಕಾಗದವನ್ನು ಬಿಡಿಸಿದರೂ ಎರಡು ಹೆಸರುಗಳ ನಡುವೆ ಒಂದು ಪುಟ್ಟ ಪದ ಕುಳಿತಿರುವುದನ್ನು ಕಾಣಬಹುದು. ಆ ಪದ 'ಉರ್ಫ್'. ಅರಬ್ಬಿಯಲ್ಲಿ ಹುಟ್ಟಿ, ಫಾರಸಿಯ ದಫ್ತರಗಳನ್ನು ಹಾಯ್ದು, ಮರಾಠಿಗೂ ಕನ್ನಡಕ್ಕೂ ಬಂದು ನೆಲೆಸಿದ ಪದವಿದು. ಮೂಲದಲ್ಲಿ ಅದಕ್ಕೆ 'ಬಲ್ಲದ್ದು, ರೂಢಿಯಲ್ಲಿರುವುದು' ಎಂಬ ಅರ್ಥವಿದೆ. ದಕ್ಷಿಣದ ಜಿಲ್ಲೆಗಳ ಕಾಗದಪತ್ರಗಳಲ್ಲಿ ಇದೇ ಕೆಲಸವನ್ನು 'ಯಾನೆ' ಎಂಬ ಪದ ಮಾಡುತ್ತದೆ. ಪದದ ಎಡಗಡೆಗೆ ತಾಯಿತಂದೆಯರು ತೊಟ್ಟಿಲಲ್ಲಿ ಇಟ್ಟ ಹೆಸರು. ಬಲಗಡೆಗೆ ಊರು ಬಲ್ಲ ಹೆಸರು. ಓದುವವರು ಈ ಎರಡು ಹೆಸರುಗಳನ್ನು ನೋಡಿ ಮುಂದೆ ಹೋಗುತ್ತಾರೆ. ನಡುವಿನ ಪದದ ಬಳಿ ನಿಲ್ಲುವವರು ಕಡಿಮೆ. ನಲವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಆ ಪದದ ಎರಡೂ ಬದಿಗೆ ಬದುಕಿದವಳು ನಾನು. ಆದ್ದರಿಂದ ಅದರ ಬಳಿ ಸ್ವಲ್ಪ ಹೊತ್ತು ನಿಲ್ಲುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮಹಾರಾಷ್ಟ್ರದ ಕಾಗದಗಳಲ್ಲಿ ವ್ಯಕ್ತಿಯ ಹೆಸರಿಗೆ ಮೂರು ಭಾಗಗಳು: ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ಈ ಕೊನೆಯದನ್ನು ಮರಾಠಿಯವರು 'ಆಡನಾವ' ಎನ್ನುತ್ತಾರೆ. ನಾವು 'ಅಡ್ಡಹೆಸರು' ಎನ್ನುತ್ತೇವೆ. ಗಂಡಸಿನ ಮಟ್ಟಿಗೆ ಈ ಮೂರೂ ಶಾಲೆಯ ದಾಖಲೆಯಲ್ಲಿ ಹೇಗೆ ಬಿದ್ದವೋ ಹಾಗೆಯೇ ಮರಣದ ದಾಖಲೆಯವರೆಗೆ ಉಳಿಯುತ್ತವೆ. ಹೆಣ್ಣಿನ ಮಟ್ಟಿಗೆ ಲಗ್ನದ ಒಂದೇ ದಿನದಲ್ಲಿ ಮೂರೂ ಬದಲಾಗಬಹುದು. ತಂದೆಯ ಹೆಸರಿದ್ದಲ್ಲಿ ಗಂಡನ ಹೆಸರು ಬರುತ್ತದೆ, ತವರಿನ ಅಡ್ಡಹೆಸರಿದ್ದಲ್ಲಿ ಗಂಡನ ಮನೆಯ ಅಡ್ಡಹೆಸರು ಬರುತ್ತದೆ. ಹಲವು ಮನೆಗಳಲ್ಲಿ ಅವಳ ಸ್ವಂತ ಹೆಸರೂ ಹೋಗಿ ಹೊಸದೊಂದು ಬರುತ್ತದೆ. 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಆನಂದಿಬಾಯಿ ಜೋಶಿಯವರು ಹುಟ್ಟಿದ್ದು ಯಮುನೆಯಾಗಿ. ಒಂಬತ್ತನೆಯ ವಯಸ್ಸಿನಲ್ಲಿ ಲಗ್ನವಾದಾಗ ಗಂಡ ಗೋಪಾಳರಾಯರ ಮನೆಯಲ್ಲಿ ಅವರು ಆನಂದಿಯಾದರು. ಲೋಕ ನೆನೆಯುವುದು ಆನಂದಿಯನ್ನು. ಯಮುನೆ ಎಂಬ ಹುಡುಗಿಯ ನೆನಪು ಚರಿತ್ರೆಯ ಪುಸ್ತಕದ ಮೊದಲನೆಯ ಸಾಲಿನಲ್ಲಿ ಮುಗಿದುಹೋಗುತ್ತದೆ.

ಈ ಪದ್ಧತಿ ಮರಾಠಿಯವರದಷ್ಟೇ ಅಲ್ಲ. ಭೀಮೆಯ ಎರಡೂ ದಂಡೆಯ ಕನ್ನಡ ಮನೆಗಳಲ್ಲಿಯೂ ಅದು ಇತ್ತು, ಕೆಲವು ಕಡೆ ಇನ್ನೂ ಇದೆ. ನಾನು ಹುಟ್ಟಿದ್ದು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅವ್ವ ಅಪ್ಪ ಇಟ್ಟ ಹೆಸರು ನೀಲವ್ವ. ಮನೆಯಲ್ಲಿ ಕರೆಯುತ್ತಿದ್ದುದು ನೀಲಿ. ಬಸವಣ್ಣನವರ ಮಡದಿ ನೀಲಾಂಬಿಕೆಯ ಹೆಸರದು ಎಂದು ಅಪ್ಪ ಹೇಳುತ್ತಿದ್ದರು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತೆ. 1982ರ ಬೇಸಿಗೆಯಲ್ಲಿ ಅಕ್ಕಲಕೋಟ ತಾಲೂಕಿನ ಒಂದು ಊರಿಗೆ ನನ್ನನ್ನು ಕೊಟ್ಟರು. ಅಲ್ಲಿಯೂ ಮನೆಮಾತು ಕನ್ನಡವೇ, ಉಣ್ಣುವುದು ಜೋಳದ ರೊಟ್ಟಿಯೇ, ದೇವರು ದಿಂಡರು ಕೂಡ ಅವೇ. 1956ರ ನವೆಂಬರ್ ಒಂದರವರೆಗೆ ನನ್ನ ತವರಿನ ಜಿಲ್ಲೆ, ಗಂಡನ ಮನೆಯ ಜಿಲ್ಲೆ ಎರಡೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆದುದರಿಂದ ಹೊರಗಿನ ಸೀಮೆಗೆ ಹೋದೆನೆಂಬ ಭಾವನೆ ನನಗಾಗಲಿ ನಮ್ಮವರಿಗಾಗಲಿ ಇರಲಿಲ್ಲ.

ಅಡಚಣೆ ಬಂದುದು ಬೇರೆ ಕಡೆಯಿಂದ. ನನ್ನ ಅತ್ತೆಯ ಹೆಸರೂ ನೀಲವ್ವನೇ ಆಗಿತ್ತು.

ಅತ್ತೆಯ ಹೆಸರನ್ನು ಸೊಸೆ ನಾಲಿಗೆಯ ಮೇಲೆ ತರಬಾರದು. ಗಂಡನೂ ತನ್ನ ಹಡೆದವ್ವನ ಹೆಸರು ಹಿಡಿದು ಹೆಂಡತಿಯನ್ನು ಕರೆಯುವಂತಿಲ್ಲ. ಮಾವನವರಿಗೆ ಇನ್ನೂ ದೊಡ್ಡ ಪೇಚು. ಆದ್ದರಿಂದ ಅಕ್ಕಿಕಾಳು ಬಿದ್ದ ಮೇಲೆ ಒಂದು ಹಿತ್ತಾಳೆಯ ಪರಾತದಲ್ಲಿ ಅಕ್ಕಿ ಹರಡಿ ತಂದರು. ಚಿನ್ನದ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯಬೇಕು. ನನ್ನ ಯಜಮಾನರು ಓದಿದ್ದು ಮರಾಠಿ ಶಾಲೆಯಲ್ಲಿ; ಬಾಲಬೋಧ ಲಿಪಿಯಲ್ಲಿ ಎರಡು ಅಕ್ಷರ ಬರೆದರು. ಪಕ್ಕದಲ್ಲಿದ್ದ ನಾದಿನಿ ಓದಿ ಹೇಳಿದಳು: "ಶೋಭಾ". ನೆರೆದವರು ಚಪ್ಪಾಳೆ ತಟ್ಟಿದರು. ಯಾರೋ ಪರಾತ ಎತ್ತಿಕೊಂಡು ಒಳಗೆ ಹೋದರು. ಅಕ್ಕಿ ಅಡುಗೆಯವರ ಚೀಲಕ್ಕೆ ಬಿದ್ದಿತು. ಅಕ್ಷರಗಳು ಅಷ್ಟು ಹೊತ್ತು ಮಾತ್ರ ಇದ್ದವು. ಹೆಸರು ನಲವತ್ತು ವರ್ಷ ಉಳಿಯಿತು.

ಅತ್ತೆ ಒಳ್ಳೆಯವರು. ಒಂದು ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ತಾವಾಗಿಯೇ ಕೇಳಿದರು: "ನಿನ್ನ ಹೆಸರ ಕಸಗೊಂಡೀನಿ ಅಂತ ಸಿಟ್ಟೇನ ನನ ಮ್ಯಾಲೆ?" ನಾನು ಇಲ್ಲವೆಂದೆ. ಅವರು ನಕ್ಕು, "ನಾ ಹ್ವಾದ ಮ್ಯಾಲೆ ನಿನ್ನ ಹೆಸರ ನಿನಗs ಬರ್ತೈತಿ ತಗೋ" ಎಂದರು. ಪೆಟ್ಟಿಗೆಯ ಕೀಲಿಕೈಯನ್ನು ಸೊಸೆಗೆ ಕೊಡುವ ಮಾತಿನಂತೆ ಅದನ್ನು ಹೇಳಿದ್ದರು. 2006ರಲ್ಲಿ ಅವರು ತೀರಿಕೊಂಡರು. ಕೀಲಿಕೈ ಬಂದಿತು. ಹೆಸರು ಬರಲಿಲ್ಲ. ಅಷ್ಟರಲ್ಲಿ ಆ ಊರಿನಲ್ಲಿ ನೀಲವ್ವ ಎಂದರೆ ತೀರಿಹೋದ ಹಿರಿಯಳು. ಶೋಭಾ ಎಂದರೆ ನಾನು. ಕರೆಯುವವರ ಬಾಯಿಗೆ ಇಪ್ಪತ್ತನಾಲ್ಕು ವರ್ಷ ಒಂದು ಹೆಸರು ಒಗ್ಗಿದ ಮೇಲೆ ಅದನ್ನು ಬದಲಿಸಿರೆಂದು ಯಾರಿಗೆ ಹೇಳುವುದು?

ಶೋಭಾಳ ಬಗ್ಗೆ ನನಗೆ ದೂರಿಲ್ಲ. ಮರಾಠಿ ಮಾತಾಡಲು ಕಲಿತವಳು ಅವಳು. ರೇಷನ್ ಕಾರ್ಡಿನಲ್ಲಿ ಇದ್ದವಳು, ಬಚತ್ ಗಟದ ಲೆಕ್ಕ ಬರೆದವಳು, ಎರಡು ಬರಗಾಲಗಳಲ್ಲಿ ಮನೆ ತೂಗಿಸಿದವಳು ಅವಳೇ. ಮಕ್ಕಳನ್ನು ನಾಲ್ಕನೆಯ ಇಯತ್ತೆಯವರೆಗೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹಾಕಬೇಕೆಂದು ಹಟ ಹಿಡಿದವಳೂ ಅವಳೇ. ಅಕ್ಕಿಯ ಮೇಲೆ ಬರೆದಾಗ ಅದು ನನ್ನದಲ್ಲದ ಹೆಸರು. ದುಡಿದು ದುಡಿದು ಅದನ್ನು ನನ್ನದು ಮಾಡಿಕೊಂಡೆ. ನೀಲವ್ವನಿಗೆ ಇದ್ದುದು ಹತ್ತೊಂಬತ್ತು ವರ್ಷದ ಹುಡುಗಿಯ ಬದುಕು ಮಾತ್ರ. ಆದರೂ ಆ ಹುಡುಗಿ ಸತ್ತಿರಲಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ. ಬಸ್ಸು ಭೀಮೆಯ ಸೇತುವೆ ದಾಟುತ್ತಿದ್ದಂತೆ ಆ ಹೆಸರು ಮರಳುತ್ತಿತ್ತು. ಜೋಕಾಲಿಯ ಹತ್ತಿರ ಗೆಳತಿಯರು "ಬಾರ ನೀಲಿ" ಎಂದು ಕೂಗುತ್ತಿದ್ದರು. ವರ್ಷಕ್ಕೆ ಐದು ದಿನ, ಹೆಚ್ಚೆಂದರೆ ಎಂಟು ದಿನ. ಸೇತುವೆ ದಾಟಿ ಹಿಂದಿರುಗುವಾಗ ಅದು ಆಚೆ ದಂಡೆಯಲ್ಲಿಯೇ ಇಳಿದುಕೊಳ್ಳುತ್ತಿತ್ತು.

ಅವ್ವ ನಮ್ಮ ಮನೆಗೆ ಬಂದಾಗ ಬೇರೊಂದು ಬಗೆ. ಬೀಗಿತಿಯ ಎದುರಿಗೆ ನೀಲವ್ವ ಎಂದು ಮಗಳನ್ನು ಕರೆದರೆ ಅವಿನಯ. ಶೋಭಾ ಎಂದು ಕರೆಯಲು ಅವಳ ಬಾಯಿ ಬಾರದು. ಆದ್ದರಿಂದ ಇದ್ದಷ್ಟು ದಿನವೂ ಅವಳು ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. "ಏ ಹುಡುಗಿ", "ಇಕಿ ಎಲ್ಲಿ ಹ್ವಾದಳು" ಎಂದೇ ದಿನ ಕಳೆಯುತ್ತಿದ್ದಳು. ಹೊರಡುವಾಗ ಬಸ್ ನಿಲ್ದಾಣದಲ್ಲಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತಲೆ ಸವರಿ ಮೆಲ್ಲಗೆ "ನೀಲಿ" ಎನ್ನುತ್ತಿದ್ದಳು. ಬೇರೇನೂ ಹೇಳುತ್ತಿರಲಿಲ್ಲ. ಬಸ್ಸು ಹೊರಟುಹೋಗುತ್ತಿತ್ತು.

ಹೆಸರು ಎರಡಾಗುವುದು ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಬಂದುದೇನಲ್ಲ. ನಮ್ಮ ಈ ಸೀಮೆಯೇ ಉರ್ಫಿನ ಸೀಮೆ. ನಮ್ಮ ಭೀಮೆ ಪಂಢರಪುರದಲ್ಲಿ ಅರ್ಧಚಂದ್ರನಂತೆ ಬಾಗಿ ಹರಿಯುವುದರಿಂದ ಅಲ್ಲಿ ಚಂದ್ರಭಾಗೆ ಎನಿಸಿಕೊಳ್ಳುತ್ತಾಳೆ. ಕೆಳಗೆ ಕೃಷ್ಣೆಯನ್ನು ಕೂಡಿದ ಮೇಲೆ ಅವಳ ಹೆಸರೇ ಉಳಿಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆ ಇಂದಿನ ಸೊಲ್ಲಾಪುರ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜ ಹೊರುವ ಹುಡುಗರಲ್ಲಿ ಎಷ್ಟೋ ಮಂದಿ ಸಿದ್ಧರಾಮರಿದ್ದಾರೆ. ಮರಾಠಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರು 'ಸಿದ್ರಾಮ'. ಈರಣ್ಣ 'ಇರಣ್ಣಾ' ಆಗುತ್ತಾನೆ, ಶರಣಪ್ಪ 'ಶರಣಾಪ್ಪಾ' ಆಗುತ್ತಾನೆ. ಬರೆಯುವ ಗುರುಗಳ ದೋಷವಲ್ಲ ಅದು. ನಮ್ಮ ಹೆಸರಿನ ಕೊನೆಯಲ್ಲಿರುವ ಹ್ರಸ್ವ ಅಕಾರವನ್ನು ಮರಾಠಿ ನಾಲಿಗೆ ನುಂಗಿಬಿಡುತ್ತದೆ. ಉಳಿಸಿಕೊಳ್ಳಬೇಕಾದರೆ ದೀರ್ಘ ಮಾಡಬೇಕಾಗುತ್ತದೆ. ಕನ್ನಡದ ಹ್ರಸ್ವ ಎಕಾರ, ಒಕಾರಗಳಿಗೆ ಬಾಲಬೋಧದಲ್ಲಿ ಬೇರೆ ಅಕ್ಷರಗಳೇ ಇಲ್ಲ. ಹೀಗೆ ಶಾಲೆಗೆ ಹೋದ ಮೊದಲ ದಿನವೇ ನಮ್ಮ ಮಕ್ಕಳ ಹೆಸರಿನ ತೂಕ ಒಂದು ಮಾತ್ರೆಯಷ್ಟು ಹೆಚ್ಚು ಕಡಿಮೆಯಾಗಿಬಿಡುತ್ತದೆ.

ಬರೆಯುವವರಂತೂ ತಾವಾಗಿಯೇ ಎರಡನೆಯ ಹೆಸರನ್ನು ಬಯಸಿ ಪಡೆದರು. ಸಿದ್ಧರಾಮರ ವಚನಗಳಿಗೆ ಅಂಕಿತ 'ಕಪಿಲಸಿದ್ಧಮಲ್ಲಿಕಾರ್ಜುನ'. ವಚನಕಾರರು ತಮ್ಮ ಹೆಸರನ್ನು ಬದಿಗಿಟ್ಟು ತಮ್ಮ ದೈವದ ಹೆಸರಿನಲ್ಲಿ ಮಾತು ಮುಗಿಸಿದರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಪೂರ್ಣ ಹೆಸರಿನಲ್ಲಿ ತಂದೆಯೂ ಇದ್ದಾರೆ, ಮನೆತನವೂ ಇದೆ, ತಾಯಿ ಮಾತ್ರ ಇಲ್ಲ. ಕವಿತೆಗೆ ಅವರು ಆರಿಸಿಕೊಂಡ ಹೆಸರು 'ಅಂಬಿಕಾತನಯದತ್ತ', ಅಂಬಿಕೆಯ ಮಗ ದತ್ತ. ಕಾಗದದಲ್ಲಿ ಸ್ಥಳವಿಲ್ಲದ ತಾಯಿಗೆ ಕಾವ್ಯದಲ್ಲಿ ಸ್ಥಳ ದೊರೆಯಿತು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆಯವರ ಹೆಸರನ್ನು ಕೇಳಿದಾಗಲೆಲ್ಲ ನನಗೆ ಒಂದು ವಿಚಾರ ಬರುತ್ತದೆ. 'ತಾಈ' ಎಂದರೆ ಮರಾಠಿಯಲ್ಲಿ ಅಕ್ಕ. 'ತಾಯಿ' ಎಂದರೆ ಕನ್ನಡದಲ್ಲಿ ಅವ್ವ. ಸೊಲ್ಲಾಪುರದ ಬೀದಿಯಲ್ಲಿ ಆ ಒಂದು ಧ್ವನಿಯನ್ನು ಕೇಳಿದವರಲ್ಲಿ ಅರ್ಧ ಜನ ಅಕ್ಕನನ್ನೂ ಅರ್ಧ ಜನ ಅವ್ವನನ್ನೂ ಕಾಣಬಲ್ಲರು.

ಇಷ್ಟು ದೊಡ್ಡವರ ಸಾಲಿನಲ್ಲಿ ನನ್ನ ಮಾತನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಸಂಘದ ಹಳೆಯ ಸದಸ್ಯರಿಗೆ ನೆನಪಿರುವ ಸಂಗತಿಯಾದ್ದರಿಂದ ಹೇಳುತ್ತೇನೆ. ಅತ್ತೆಯವರು ಹೋದ ಎರಡು ವರ್ಷಗಳ ಮೇಲೆ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಒಂದು ಪದ್ಯ ಕಳುಹಿಸಿದೆ. ಕೆಳಗೆ 'ನೀಲಾ' ಎಂದು ಮಾತ್ರ ಬರೆದಿದ್ದೆ. ಸಂಚಿಕೆ ಕೈಗೆ ಬಂದ ದಿನ ಹಿರಿಯರೊಬ್ಬರು, "ಕಾವ್ಯನಾಮ ಚಂದ ಆರಿಸಿಕೊಂಡೀರಿ ಶೋಭಾತಾಯಿ, ಆಕಾಶದ ಬಣ್ಣ" ಎಂದು ಮೆಚ್ಚಿದರು. ನಾನು ಕೈಮುಗಿದೆ. ಭೀಮೆಯ ಈ ದಂಡೆಯಲ್ಲಿ ನನ್ನ ನಿಜವಾದ ಹೆಸರು ಕಾವ್ಯನಾಮವಾಗಿತ್ತು. ಆ ದಿನ ನಗು ಬಂದಿತ್ತು. ರಾತ್ರಿ ಸಂಚಿಕೆಯ ಆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಈ ಜಿಲ್ಲೆಯಲ್ಲಿ ಆ ಹೆಸರು ಕನ್ನಡ ಅಕ್ಷರಗಳಲ್ಲಿ ನನಗಾಗಿ ಅಚ್ಚಾದದ್ದು ಅದೇ ಮೊದಲು.

2014ರಲ್ಲಿ ಅವ್ವ ಹೋದಳು. ಬಸ್ ನಿಲ್ದಾಣದ ಆ ಮೆಲುದನಿ ಹೋಯಿತು. 2016ರಲ್ಲಿ ಅಪ್ಪ ಹೋದರು. ಕರೆಯುವವನು ಅಣ್ಣನೊಬ್ಬ ಉಳಿದ. ಅಪ್ಪನ ಹೆಸರಿನ ಹೊಲ ವಾರಸಾ ಆಗಬೇಕಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆಯೆಂಬುದು ನಿಮಗೆಲ್ಲ ತಿಳಿದದ್ದೇ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ನಮ್ಮ ಗಾದೆಗೂ ಆ ಕಾಯಿದೆಗೂ ನಡುವೆ ಹಳ್ಳಿಯವರು ಕಂಡುಕೊಂಡ ದಾರಿಯೇ ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರು ಬಂದು ಸಹಿ ಮಾಡುತ್ತಾರೆ, ಸೀರೆ ಉಡಿ ತುಂಬಿಸಿಕೊಂಡು ಹೋಗುತ್ತಾರೆ. ನಾನೂ ಸಹಿ ಮಾಡಬೇಕೆಂದೇ ಹೋದೆ. ಅಣ್ಣನಿಗೆ ಎರಡು ಗಂಡು, ಒಂದು ಹೆಣ್ಣು, ಒಣ ಬೇಸಾಯ. ನನಗೆ ಹೊಲದ ಆಸೆ ಇರಲಿಲ್ಲ.

ಕಚೇರಿಯ ಗುಮಾಸ್ತ ಕಾಗದಗಳನ್ನು ತಿರುವಿ ಹಾಕಿದ. "ಅಕ್ಕಾರ, ವಂಶಾವಳಿಯೊಳಗ ನೀಲವ್ವ ಅಂತೈತಿ. ಆಧಾರದೊಳಗ ಶೋಭಾ ಅಂತೈತಿ. ನೀವು ಯಾರು?"

ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅವನು ಕೇಳಬೇಕಾದದ್ದನ್ನೇ ಕೇಳಿದ್ದ. ಆದರೆ ಉತ್ತರ ನನ್ನ ಬಾಯಿಗೆ ಒಮ್ಮೆಲೇ ಬರಲಿಲ್ಲ. ಅಣ್ಣ, "ನನ್ನ ತಂಗಿ ಐತ್ರಿ" ಎಂದ. ಅದಕ್ಕೆ ಕಾಗದ ಬೇಕೆಂದರು. ನನ್ನ ಶಾಲೆಯ ದಾಖಲೆಯಲ್ಲಿ ಜಿಲ್ಲೆಯ ಹೆಸರು ಬಿಜಾಪುರ. ಕಚೇರಿಯ ಫಲಕದಲ್ಲಿ ವಿಜಯಪುರ. 2014ರ ನವೆಂಬರ್ ಒಂದರಿಂದ ಸರ್ಕಾರವೇ ಆ ಹೆಸರನ್ನು ಬದಲಿಸಿದ್ದರಿಂದ, ಎರಡೂ ಒಂದೇ ಜಿಲ್ಲೆಯೇ ಎಂದು ಜಿಲ್ಲೆಯನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು. ಎರಡು ತಿಂಗಳು ಓಡಾಡಿದೆ. ಈ ರಾಜ್ಯದಲ್ಲಿ ಶೋಭಾ ಎಂಬುದಕ್ಕೆ ಮರಾಠಿಯಲ್ಲಿ ದಾಖಲೆ. ಆ ರಾಜ್ಯದಲ್ಲಿ ನೀಲವ್ವ ಎಂಬುದಕ್ಕೆ ಕನ್ನಡದಲ್ಲಿ ದಾಖಲೆ. ಇಬ್ಬರೂ ಒಬ್ಬಳೇ ಎನ್ನಲು ಪ್ರಮಾಣಪತ್ರ, ಸಾಕ್ಷಿಗಳು, ಭಾಷಾಂತರ.

ಈ ಓಡಾಟದಲ್ಲಿಯೇ ಒಂದು ದಿನ ನಾನು ಕಲಿತ ಪ್ರಾಥಮಿಕ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಕಪಾಟಿನಿಂದ ಹಳೆಯ ದಾಖಲಾತಿ ವಹಿ ತೆಗೆಸಿದರು. ಬೆನ್ನು ಕಿತ್ತ ದೊಡ್ಡ ಪುಸ್ತಕ, ಕಂದು ಬಣ್ಣಕ್ಕೆ ತಿರುಗಿದ ಹಾಳೆಗಳು. ಬೆರಳಿಟ್ಟು ಹುಡುಕುತ್ತ ಹೋದಾಗ ಒಂದು ಸಾಲಿನಲ್ಲಿ ನಾನಿದ್ದೆ: ನೀಲವ್ವ, ತಂದೆಯ ಹೆಸರು, ಅಡ್ಡಹೆಸರು, ಮಾತೃಭಾಷೆ ಕನ್ನಡ. ಶಾಯಿಯ ದುಂಡಕ್ಷರ ನಮ್ಮ ಹೆಡ್‌ಮಾಸ್ತರರದು. ಅವರು ಹೋಗಿ ಎಷ್ಟೋ ವರ್ಷವಾಯಿತು. ಹಾಳೆಯ ಅಂಚನ್ನು ಹುಳು ತಿಂದಿತ್ತು, ಹೆಸರಿಗೆ ಇನ್ನೂ ಎರಡು ಬೆರಳಷ್ಟು ದೂರವಿತ್ತು. ನಾನು ನೋಡುತ್ತಲೇ ಇದ್ದೆ. ಅವ್ವನಿಲ್ಲ, ಅಪ್ಪನಿಲ್ಲ, ಜೋಕಾಲಿಯ ಗೆಳತಿಯರು ಒಬ್ಬೊಬ್ಬರು ಒಂದೊಂದು ಊರಿನಲ್ಲಿ, ಬಹುಶಃ ಒಂದೊಂದು ಹೊಸ ಹೆಸರಿನಲ್ಲಿ. ಆ ಹುಡುಗಿ ಹುಟ್ಟಿದ್ದಳೆಂಬುದಕ್ಕೆ ಲೋಕದಲ್ಲಿ ಉಳಿದಿರುವ ಬರಹ ಈ ಒಂದು ಸಾಲು, ಮತ್ತು ಈಗ ನಾನು ಸಹಿ ಮಾಡಲು ಹೊರಟಿರುವ ಬಿಡುಗಡೆ ಪತ್ರ. ಅವಳನ್ನು ಇಷ್ಟು ಕಷ್ಟಪಟ್ಟು ಹುಡುಕಿ ತಂದುದು ಅವಳಿಗೆ ಏನೂ ಬೇಡವೆಂದು ಬರೆಯಿಸುವುದಕ್ಕಾಗಿ ಎನ್ನುವುದು ಆಗ ನನಗೆ ಹೊಳೆಯಿತು.

ಆ ಸಂಜೆ ಕಟ್ಟೆಯ ಮೇಲೆ ಕುಳಿತು ಅಣ್ಣನಿಗೆ ಹೇಳಿದೆ: "ಅಣ್ಣಾ, ಎಲ್ಲಾ ನಿನಗs ಇರಲಿ. ಹತ್ತು ಗುಂಟೆ ಮಾತ್ರ ನನ್ನ ಹೆಸರಲೆ ಇಡು. ಪೀಕು ನೀನs ತಗೋ. ಉತಾರದೊಳಗ ಹೆಸರ ಇರಲಿ."

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಪಾತ್ರೆಗಳ ಸಪ್ಪಳ ನಿಂತುಹೋದುದು ಕೇಳಿಸಿತು. ವೈನಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಅಣ್ಣ, "ಹೊಲಾ ಬೇಕಂದಿದ್ರ ಬ್ಯಾರೆ ಮಾತಿತ್ತು, ತಂಗಿ. ಹೆಸರ ಬೇಕಂದ್ರ ನಾ ಹ್ಯಾಂಗ ಇಲ್ಲನ್ಲಿ?" ಎಂದ. ವೈನಿ ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ಮನಸ್ಸೂ ನನಗೆ ಅರ್ಥವಾಗುತ್ತದೆ. ಇಂದು ಹತ್ತು ಗುಂಟೆ ಕೇಳಿದವಳು ನಾಳೆ ಹತ್ತು ಎಕರೆ ಕೇಳಿದರೆ ಎಂಬ ಅಂಜಿಕೆ ಒಕ್ಕಲುತನದ ಮನೆಯಲ್ಲಿ ಸಹಜವಾದುದು. ಕೇಳುವುದಿಲ್ಲವೆಂದು ವರ್ಷಗಳು ತೋರಿಸಬೇಕಾಯಿತು. ಈಗ ಆ ಉತಾರಿಯಲ್ಲಿ ಅಣ್ಣನ ಹೆಸರಿನ ಕೆಳಗೆ ಒಂದು ಸಾಲು ಇದೆ: 'ನೀಲವ್ವ ಉರ್ಫ್ ಶೋಭಾ'. ಎರಡು ದಂಡೆಗಳನ್ನು ಕೂಡಿಸುವ ಸೇತುವೆಯಂತೆ ಆ ಪದ ನಡುವೆ ನಿಂತಿದೆ.

ಪೀಕು ನೀನೇ ತೆಗೆದುಕೋ ಎಂದಿದ್ದೆನಾದರೂ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅಣ್ಣ ಒಂದು ಚೀಲ ಮಾಲದಂಡಿ ಜೋಳ ಕಳುಹಿಸುತ್ತಾನೆ. ಚೀಲದ ಮೇಲೆ ಬಣ್ಣದಲ್ಲಿ ದಪ್ಪಗೆ 'ನೀಲವ್ವ' ಎಂದು ಬರೆದಿರುತ್ತದೆ. ಮೊದಲ ವರ್ಷ ಟೆಂಪೊದವನು ನಮ್ಮ ಓಣಿಯಲ್ಲಿ "ನೀಲವ್ವ ಯಾರು?" ಎಂದು ಕೇಳುತ್ತ ಹೋದಾಗ, ಆಕೆ ತೀರಿಹೋಗಿ ಹತ್ತು ವರ್ಷದ ಮೇಲಾಯಿತೆಂದು ಜನ ಹೇಳಿ ಕಳುಹಿಸಿದರಂತೆ. ಈಗ ನೇರ ನಮ್ಮ ಬಾಗಿಲಿಗೆ ಬರುತ್ತಾನೆ.

ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಒಂದೇ ಮಾತು. ಹೆಸರನ್ನು ಹೊತ್ತವರು ಅದನ್ನು ಉಳಿಸಿಕೊಳ್ಳಲಾರರು. ನಮ್ಮ ಹೆಸರನ್ನು ನಾವು ಎಷ್ಟು ಸಲ ನುಡಿಯುತ್ತೇವೆ? ಅದನ್ನು ನುಡಿಯುವವರು ಬೇರೆಯವರು. ಕರೆಯುವವರು ಇರುವತನಕ ಹೆಸರು ಇರುತ್ತದೆ. ದಾಖಲೆ ಅದನ್ನು ಕಾಯ್ದಿಡುತ್ತದೆ, ಆದರೆ ದಾಖಲೆ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ. ಈ ಭಾಗದಲ್ಲಿ ನಮ್ಮ ಊರುಗಳ ಕನ್ನಡ ಹೆಸರುಗಳ ಗತಿಯೂ, ಒಂದು ರೀತಿಯಲ್ಲಿ ಕನ್ನಡದ ಗತಿಯೂ ಇದೇ ಎಂದು ನನಗೆ ತೋರುತ್ತದೆ. ಫಲಕದ ಮೇಲೆ ಇನ್ನೊಂದು ಹೆಸರು ಇದ್ದರೆ ಇರಲಿ. ಆ ಹೆಸರಿನ ಜೊತೆಗೂ ನಾವು ಪ್ರಾಮಾಣಿಕವಾಗಿ ಬದುಕಿದ್ದೇವೆ, ದುಡಿದಿದ್ದೇವೆ, ಅದನ್ನೂ ನಮ್ಮದು ಮಾಡಿಕೊಂಡಿದ್ದೇವೆ. ಮನೆಯೊಳಗಿನ ಹೆಸರನ್ನು ಕರೆಯುವ ಬಾಯಿ ಒಂದಾದರೂ ಉಳಿಯಬೇಕು. ಇಂಥ ಸಮ್ಮೇಳನಕ್ಕೆ ಐವತ್ತು ಅರವತ್ತು ಮೈಲಿ ದೂರದಿಂದ ಬುತ್ತಿ ಕಟ್ಟಿಕೊಂಡು ಬರುವ ಹಿರಿಯರನ್ನು ಕಂಡಾಗ, ಇವರು ತಮ್ಮ ತವರಿನ ಹೆಸರಿನಿಂದ ಕರೆಯಿಸಿಕೊಳ್ಳಲು ಬಂದಿದ್ದಾರೆ ಎಂದೇ ನನಗೆ ಅನಿಸುವುದು.

ಕಾಲವೂ ಬದಲಾಗುತ್ತಿದೆ. ನನ್ನ ಸೊಸೆಯ ಹೆಸರನ್ನು ಬದಲಿಸುವ ಮಾತು ಬಂದಾಗ ಅವಳೇ ನಗುತ್ತ, "ಪದವಿ ಪ್ರಮಾಣಪತ್ರ, ಬ್ಯಾಂಕಿನ ಖಾತೆ ಎಲ್ಲಾ ಇದs ಹೆಸರಲೆ ಅದಾವ್ರಿ ಅತ್ತಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಪರಾತದ ಅಕ್ಕಿಯ ಮೇಲೆ ಮಗ ಅವಳ ಹೆಸರನ್ನೇ ಬರೆದ. ಮಹಾರಾಷ್ಟ್ರ ಸರ್ಕಾರವು 2024ರ ಮೇ ಒಂದರಿಂದ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರಿನ ಮುಂದೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮವನ್ನು ತಂದಿದೆ. ಬೇಂದ್ರೆಯವರು ತಮ್ಮ ಕಾವ್ಯನಾಮದಲ್ಲಿ ತಾಯಿಗೆ ಕೊಟ್ಟ ಸ್ಥಳವನ್ನು ಈಗ ಜನನ ಪ್ರಮಾಣಪತ್ರವೂ ಕೊಡುತ್ತದೆ.

ಆ ವರ್ಷದ ಶ್ರಾವಣದಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಲ್ಲಿ ಹಾಕುವ ದಿನ ಬಂದಾಗ ಮಗ ತನ್ನ ಅಜ್ಜಿಯ ಹೆಸರಿಡೋಣವೆಂದ. ಎಲ್ಲರೂ ಒಪ್ಪಿದರು. ಹಿರಿಯಳ ಹೆಸರು ಮನೆಗೆ ಮರಳಿ ಬಂತೆಂದು ಓಣಿಯವರು ಸಂತೋಷಪಟ್ಟರು. ಸೊಸೆಯೊಬ್ಬಳು ಮಾತ್ರ ನನ್ನ ಕಡೆ ತಿರುಗಿ, "ಅತ್ತಿ, ಜ್ವಾಳದ ಚೀಲದ ಮ್ಯಾಲೆ ಇರೂದು ಇದs ಹೆಸರಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ನನ್ನ ಮಗಳು, ಮಗುವಿನ ಸೋದರತ್ತೆ, ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಆ ಹೆಸರನ್ನು ಉಸುರಿದಳು: ನೀಲಾ.

ಸತ್ತ ಅತ್ತೆಯ ಹೆಸರು ಮಗುವಿಗೆ ಬಂದರೂ ಸೊಸೆಯಾದವಳು ಅದನ್ನು ಬಾಯಿಬಿಟ್ಟು ಹೇಳಬಾರದು, 'ಅವ್ವ' ಎಂದೋ 'ಅಜ್ಜಿ' ಎಂದೋ ಕೂಸನ್ನು ಕರೆಯಬೇಕು ಎಂಬುದು ನಮ್ಮ ಕಡೆಯ ಹಳೆಯ ರೂಢಿ. ನಾನು ಹಾಗೆ ಮಾಡುವುದಿಲ್ಲ. ಅಂಗಳದಲ್ಲಿ ನಿಂತು ಗಟ್ಟಿಯಾಗಿಯೇ ಕೂಗುತ್ತೇನೆ. ಪಕ್ಕದ ಮನೆಯ ಮುದುಕಿಗೆ ಅದು ಸೇರದು. ಒಂದು ದಿನ ಕಟ್ಟೆಯಿಂದಲೇ ಕೇಳಿದಳು: "ಏನ ಶೋಭಾ, ಅತ್ತಿ ಹೆಸರ ಹಿಡದ ಕರ್ಯಾಕತ್ತೀಯಲ್ಲ?"

"ಇಲ್ಲ ಆಯೀ," ಎಂದೆ, "ನಾ ನನ್ನ ಹೆಸರ ಹಿಡದ ಕರ್ಯಾಕತ್ತೀನಿ."